ಕಲ್ಲು ಕೊಟ್ಟ ಕೂಟಗಳು

ದೇವಾಲಯದ ಮೆಟ್ಟಿಲನ್ನೇರುವಾಗ ಅಲ್ಲಿ ಕೆತ್ತಿರುವ ದಾನಿಗಳ ಹೆಸರುಗಳನ್ನು ಓದುತ್ತ ಹೋಗುವ ಅಭ್ಯಾಸವು ನಮ್ಮ ವಾಚಕರಲ್ಲಿ ಅನೇಕರಿಗೆ ಉಂಟು. ಅಮೆರಿಕದ ರಾಜಧಾನಿಯಲ್ಲಿ ಜಾರ್ಜ್ ವಾಷಿಂಗ್ಟನ್ನನ ಸ್ಮಾರಕವಾಗಿ ನಿಂತಿರುವ 555 ಅಡಿ ಎತ್ತರದ ಸ್ತಂಭದ ಒಳಗೋಡೆಯೂ ಅಂತಹುದೇ. ಅದರಲ್ಲಿ 190ಕ್ಕೂ ಹೆಚ್ಚು ಕೆತ್ತನೆಯ ಕಲ್ಲುಗಳು ಇರುವುವು.

1848ನೆಯ ಜುಲೈ 4ರಂದು ಇದರ ಮೂಲಶಿಲೆಯನ್ನಿಟ್ಟರು. ಕಟ್ಟುವ ಭಾರವನ್ನು ವಹಿಸಿದ್ದುದು ಸರಕಾರವಲ್ಲ, ಚಂದಾ ಎತ್ತುವ ಒಂದು ಸಂಘ. ಮರುವರ್ಷ ಅಲಬಾಮ ಸಂಸ್ಥಾನದವರು ಹಣಕ್ಕೆ ಬದಲು ಕಲ್ಲನ್ನೇ ಕೊಡುವೆವೆಂದರು. ಸಂಘದವರು ಇದನ್ನು ಮೆಚ್ಚಿ ಎಲ್ಲರಲ್ಲಿಯೂ ಕಲ್ಲನ್ನು ಬೇಡಿದರು. ಸಂಸ್ಥಾನಗಳೂ ತುರ್ಕಿಯ ಸುಲ್ತಾನನೂ ಕಳುಹಿದುದು ಸರಿಯೆ. ನಮ್ಮ ಮನಸ್ಸನ್ನು ಸೆಳೆದುದು ಸಾಮಾನ್ಯರ ಭ್ರಾತೃಕೂಟಗಳ ಕಲ್ಲುಗಳು. ವಾಷಿಂಗ್ಟನ್ನನೂ ಸೇರಿದ್ದ ಮೇಸನ್ ಮಂಡಲಿಗಳು, ಮೂರು ಕೊಂಡಿಗಳ ಸರಪಣಿಯನ್ನು ಲಾಂಛನವಾಗುಳ್ಳ ಆಡ್ ಫೆಲೋಸ್ ಬಂಧುಗಳು, ಮದ್ಯವನ್ನು ತೊರೆದ ಪಾನನಿರೋಧ ಸಂಘಗಳು, ಬೆಂಕಿಯನ್ನಾರಿಸುವ ದಳಗಳು—ಇವರೆಲ್ಲರೂ ತಮ್ಮ ಹೆಸರನ್ನು ಕೆತ್ತಿಸಿ ಕಳುಹಿದರು. ಕಲ್ಲೇನೋ ಬಂದಿತು; ಕೂಲಿಗೆ ಕಾಸು ಬರಲಿಲ್ಲ! ಹೆಸರು ನಿಲ್ಲುವ ದಾನಕ್ಕೆ ಮುಂದಾಗುವವರು ಗಾರೆಗೂ ಕೂಲಿಗೂ ಕೊಡಲು ಹಿಂದೆಗೆಯುವುದು ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ತೋರುವುದು.

ರೋಮಿನ ಪೋಪರು ಒಂಬತ್ತನೆಯ ಪಯಸ್ ಅವರೂ ಒಂದು ಕಲ್ಲನ್ನು ಕಳುಹಿದ್ದರು. ಅದು ಪ್ರಾಚೀನ ರೋಮನರ ಸೌಮನಸ್ಯದೇವತೆಯ ಗುಡಿಯದು. ಆಗ್ಗೆ ಅಲ್ಲಿ ಕ್ಯಾಥೊಲಿಕರನ್ನೂ ಪರದೇಶದಿಂದ ಬಂದವರನ್ನೂ ದ್ವೇಷಿಸುವ ಪಕ್ಷವೊಂದು ಬೆಳೆದಿದ್ದಿತು. ಅದೂ ಒಂದು ಗುಪ್ತ ಭ್ರಾತೃಕೂಟದಿಂದಲೇ ಹುಟ್ಟಿದುದು. ಯಾರಾದರೂ ಕೇಳಿದರೆ ‘ನಾನೇನೂ ಅರಿಯೆ’ ಎನ್ನುತ್ತಿದ್ದುದರಿಂದ ಇವರಿಗೆ ‘ನೋ ನಥಿಂಗ್’ ಎಂಬ ಹೆಸರಾಯಿತು. 1854ನೆಯ ಮಾರ್ಚಿ 6ರ ನಸುಕಿನಲ್ಲಿ ಕೆಲವರು ಕಾವಲುಗಾರನನ್ನು ಅವನ ಗುಡಿಸಿಲಿನಲ್ಲಿಯೇ ತಡೆದು, ಪೋಪರ ಕಲ್ಲನ್ನು ಅಪಹರಿಸಿದರು. ಅದನ್ನು ಪೊಟೋಮ್ಯಾಕ್ ನದಿಗೆ ಎಸೆದರೆಂದು ಪ್ರತೀತಿ. ಮರುವರ್ಷ ಆ ಪಕ್ಷದವರು ಸ್ಮಾರಕಸಂಘವನ್ನೇ ವಶಪಡಿಸಿಕೊಂಡರು. ಶಾಸನಸಭೆಯು ಕೊಡಲಿದ್ದ 2 ಲಕ್ಷ ಡಾಲರುಗಳು ಅಲ್ಲಿಗೇ ನಿಂತುವು. ಅವರು ಕಟ್ಟಿದುದು ಕೆಲವೇ ವರಸೆಗಳು; ಅದೂ ಹಿಂದಿನ ಶಿಲ್ಪಿಯು ಬೇಡವೆಂದು ಬಿಸುಟಿದ್ದ ಕಲ್ಲುಗಳಿಂದ. ಮುಂದೆ ಅವನ್ನು ಕಿತ್ತೇ ಹಾಕಬೇಕಾಯಿತು.

ಸುಮಾರು 150 ಅಡಿಗಳಲ್ಲಿ ನಿಂತ ಸ್ತಂಭವು ಇಪ್ಪತ್ತೈದು ವರ್ಷಗಳ ಕಾಲ ಮೊಂಡಾಗಿಯೇ ಇದ್ದಿತು. ಸರಕಾರವೇ ಕೈಹಾಕಿದ ಬಳಿಕ 1884ರಲ್ಲಿ ಅದು ಮುಗಿಯಿತು. ಮೇಲಣ ಅಮೃತಶಿಲೆಯು ಬೇರೆ ಗಣಿಯದಾದುದರಿಂದ ಬಣ್ಣದ ಭೇದವು ಈಗಲೂ ಹೊರಗಿನಿಂದ ಕಾಣುವುದು. ಪೋಪರ ಕಲ್ಲಿಗೆ ಬದಲಾಗಿ ಬೇರೊಂದನ್ನು 1982ರಲ್ಲಿ ಇರಿಸಿದರು. ಇಂದು ಯಾತ್ರಿಕರು ಲಿಫ್ಟಿನಲ್ಲಿ ಏರಿಳಿಯುವರು. ಇಳಿಯುವಾಗ ಅದರ ಗಾಜಿನ ಮೂಲಕ ಕೆಲವು ಕಲ್ಲುಗಳು ಕಣ್ಣಿಗೆ ಬೀಳುವುವು.