ಎಂ6 ಕೊಟ್ಟು ಎಂ6 ತಗೊಳ್ಳೋದಾ?

ಆಫೀಸಿನ ಗೆಳೆಯನೊಬ್ಬ ಮೊನ್ನೆ ಕ್ಯಾಂಟೀನಲ್ಲಿ, ಹಳೇ ಲೈಕಾ ಎಂ6 ಮಾರಿ ಹೊಸ ಎಂ6 ತಗೋತೀನಿ ಅಂದ. ಇಎಂಐ ಲೆಕ್ಕವೂ ಆಗಿತ್ತು. ‘ಹಳೇದಕ್ಕೆ ಏನಾಗಿದೆಯೋ?’ ಅಂದೆ. ‘ಏನೂ ಆಗಿಲ್ಲ ಗುರು, ಆದ್ರೂ ಹೊಸದಲ್ವಾ!’

ಇದೇ ನೋಡಿ ನಮ್ಮ ಐಟಿ ಮಂದಿಯ ರೋಗ. ವರ್ಷನ್ ನಂಬರ್ ಏರಿದ್ರೆ ಒಳಗಿನ ಸರಕೂ ಏರಿದೆ ಅಂತ ನಂಬೋದು. ಇಲ್ಲಿ ನಂಬರ್ ಕೂಡ ಏರಿಲ್ಲ ಸ್ವಾಮಿ! 1984ರಲ್ಲಿ ಬಂದದ್ದೂ ಎಂ6, 2022ರಲ್ಲಿ ಐದು ಸಾವಿರ ಡಾಲರ್ ದಾಟಿದ ಬೆಲೆ ಹೊತ್ತು ಮರಳಿ ಬಂದದ್ದೂ ಎಂ6. ಮೇಲಿನ ಕವಚ ಆಗ ಸತುವಿನದು, ಈಗ ಹಿತ್ತಾಳೆಯದು. ವ್ಯೂಫೈಂಡರಿನ ಗಾಜಿಗೆ ಒಳ್ಳೇ ಕೋಟಿಂಗ್ ಬಂದಿದೆ, ಎದುರು ಬಿಸಿಲಿದ್ದಾಗ ಫೋಕಸ್ ಚೌಕ ಮಸುಕಾಗೋದು ಕಡಿಮೆ. ಮೀಟರಿನ ಎರಡು ಬಾಣಗಳ ನಡುವೆ ಒಂದು ಕೆಂಪು ಚುಕ್ಕೆ ಸೇರಿದೆ. ಶಟರ್ ಆಗಲೂ ಸೆಕೆಂಡಿನ 1/1000, ಈಗಲೂ 1/1000.

ಡಿಜಿಟಲ್‌ನಲ್ಲಾದರೆ ಹೊಸ ಕ್ಯಾಮೆರಾ ಅಂದ್ರೆ ಹೊಸ ಸೆನ್ಸರ್, ಒಪ್ಪೋಣ. ಫಿಲ್ಮ್ ಕ್ಯಾಮೆರಾದಲ್ಲಿ ಸೆನ್ಸರ್ ಎಲ್ಲಿದೆ? ಅಂಗಡಿಯ ಡಬ್ಬಿಯಲ್ಲಿದೆ. ಪ್ರತಿ ರೋಲ್ ಹಾಕಿದಾಗಲೂ ನಿಮ್ಮ ನಲವತ್ತು ವರ್ಷದ ಕ್ಯಾಮೆರಾ ಅಪ್‌ಗ್ರೇಡ್ ಆಯ್ತು ಅಂತಲೇ ಲೆಕ್ಕ. ಚಿತ್ರ ಬರೆಯೋದು ಲೆನ್ಸು ಮತ್ತು ಫಿಲ್ಮು. ಬಾಡಿಯ ಕೆಲಸ ಸರಿಯಾದ ಹೊತ್ತು ಬಾಗಿಲು ತೆಗೆದು ಮುಚ್ಚೋದು.

ನಾನೇನು ಬುದ್ಧನಲ್ಲ. ಊರಿನ ಸ್ಟುಡಿಯೋದವರಿಂದ ಸೆಕೆಂಡ್ ಹ್ಯಾಂಡಲ್ಲಿ ಕೊಂಡ ನಿಕಾನ್ ಎಫ್‌ಎಂ2 ಚೆನ್ನಾಗೇ ಇತ್ತು. ಆದರೂ 2015ರಲ್ಲಿ ಕಂತಿನ ಮೇಲೆ ಎಫ್6 ತಂದೆ. ಎರಡಕ್ಕೂ ಒಂದೇ ಥರದ ಫಿಲ್ಮ್ ಹಾಕಿ, ಅದೇ 50 ಎಂಎಂ ಲೆನ್ಸ್ ಬದಲಾಯಿಸಿ ಬದಲಾಯಿಸಿ ಹಾಕಿ, ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಅಮ್ಮನನ್ನ ತೆಗೆದೆ. ಪ್ರಿಂಟ್ ನೋಡಿ ಅಮ್ಮ, ‘ಎರಡೂ ಒಂದೇ ಅಲ್ವೇನೋ, ಎರಡೆರಡು ಯಾಕೆ ಹಾಕ್ಸಿದೆ?’ ಅಂದಳು. ಯಾವುದು ಯಾವುದರದ್ದು ಅಂತ ನೆಗೆಟಿವ್ ನೋಡದೆ ನನಗೂ ಗೊತ್ತಾಗಲಿಲ್ಲ. ಕಂತು ಕಟ್ಟೋ ಭರದಲ್ಲಿ ಆಮೇಲೆ ಫಿಲ್ಮಿಗೆ ದುಡ್ಡಿಲ್ಲ, ಇಡೀ ವರ್ಷಕ್ಕೆ ನಾಲ್ಕೇ ರೋಲ್. ಅಜ್ಜ ಹೋಗಿದ್ದೂ ಅದೇ ವರ್ಷ. ಆ ನಾಲ್ಕರಲ್ಲಿ ಅಜ್ಜ ಒಂದು ಫ್ರೇಮಿನಲ್ಲೂ ಇಲ್ಲ.

ಎಫ್6 ಕೆಟ್ಟ ಕ್ಯಾಮೆರಾ ಅನ್ನುತ್ತಿಲ್ಲ. ಹಾರೋ ಹಕ್ಕಿ, ಓಡೋ ಆಟಗಾರರ ಹಿಂದೆ ಬಿದ್ದವರಿಗೆ ಅದರ ಆಟೋಫೋಕಸ್ ಬೇಕೇ ಬೇಕು. ಕೈಯಲ್ಲಿರೋದು ಕೆಟ್ಟು ರಿಪೇರಿಗೆ ಬಿಡಿಭಾಗ ಸಿಗದಿದ್ರೆ, ಇಲ್ಲಾ ಇದೇ ಮೊದಲ ಕ್ಯಾಮೆರಾ ಆದ್ರೆ, ಧಾರಾಳವಾಗಿ ಹೊಸದು ತಗೊಳ್ಳಿ. ವಾರಂಟಿಗೂ ಬೆಲೆ ಇದೆ. ನನ್ನ ತಕರಾರು ಚೆನ್ನಾಗಿರೋದನ್ನ ಮಾರಿ ಅದನ್ನೇ ಕೊಳ್ಳೋರ ಜೊತೆ. ಆ ದುಡ್ಡಿಗೆ ಎಷ್ಟು ರೋಲ್ ಬರುತ್ತೆ, ಡೆವಲಪಿಂಗ್ ಸೇರಿಸಿ ಒಂದು ಸಲ ಎಕ್ಸೆಲ್‌ನಲ್ಲಿ ಹಾಕಿ ನೋಡಿ. ದಿನವಿಡೀ ಅದನ್ನೇ ತಾನೇ ಮಾಡ್ತೀವಿ!

ಗೆಳೆಯ ಇನ್ನೂ ಬುಕ್ ಮಾಡಿಲ್ಲ. ಹೋದ ವಾರ ಅವನ ಹಳೇ ಎಂ6 ಕೈಗೆ ತಗೊಂಡು ಫ್ರೇಮ್ ಕೌಂಟರ್ ನೋಡಿದೆ. 11ರಲ್ಲಿ ನಿಂತಿತ್ತು. ರೋಲ್ ಹಾಕಿದ್ದು ಯಾವಾಗಲೋ ಅಂದ್ರೆ, ‘ದೀಪಾವಳಿಗೆ’ ಅಂದ. ಹೋದ ವರ್ಷದ್ದಂತೆ.