ರಾಜುಗೆ ಆದದ್ದು ಹೆಚ್ಚೋ, ಕಡಿಮೆಯೋ? ಕೇಳಬೇಕಾದ ಲೆಕ್ಕ ಬೇರೆಯೇ ಇದೆ!

ರಾಯಚೂರಿನಿಂದ ಹೈದರಾಬಾದ್ ಬಸ್ಸು ಹತ್ತಿದರೆ ಎರಡು ವಿಷಯಕ್ಕೆ ಜಗಳ ಗ್ಯಾರಂಟಿ. ಒಂದು ಕಿಟಕಿ ಸೀಟು. ಇನ್ನೊಂದು ಸತ್ಯಂ ರಾಜು. ಮೊನ್ನೆ ಬಸ್ಸು ಶಕ್ತಿನಗರದ ಸೇತುವೆ ದಾಟುವಷ್ಟರಲ್ಲಿ ಎರಡನೆಯದು ಶುರುವಾಯಿತು.

‘ತಾನೇ ಕಾಗದ ಬರೆದು ತಪ್ಪು ಒಪ್ಪಿಕೊಂಡವನನ್ನ ಒಳಗೆ ಹಾಕಿದ್ರು. ಬ್ಯಾಂಕು ಮುಳುಗಿಸಿ ವಿಮಾನ ಹತ್ತಿದವರು ಹೊರದೇಶದಾಗ ಆರಾಮ ಕೂತರು. ಇದೆಂಥ ನ್ಯಾಯ?’ ಅಂತ ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ಶುರು ಮಾಡಿದರು. ಹಿಂದಿನ ಸೀಟಿನವರು ಬಿಡಬೇಕಲ್ಲ? ‘ಏಳು ವರ್ಷ ಅಂದ್ರು, ಒಂದು ತಿಂಗಳಿಗೆ ಮನೆಗೆ ಬಂದ. ಅದು ಶಿಕ್ಷೆಯೇನ್ರೀ? ರಜಾ ಅದು!’ ಅಂದರು. ಬಸ್ಸು ಎರಡು ಪಾರ್ಟಿ ಆಯಿತು. ಕಂಡಕ್ಟರ್ ಮಾತ್ರ, ‘ಸಾವಿರ ಕೋಟಿ ಆಮೇಲೆ ಮಾತಾಡ್ರಿ, ಮೊದಲು ಚಿಲ್ಲರೆ ತೆಗೀರಿ’ ಅಂತ ಎಲ್ಲರ ಬಾಯಿ ಮುಚ್ಚಿಸಿದ.

ವಾದ ಅಲ್ಲಿಗೆ ನಿಂತರೂ ಪ್ರಶ್ನೆ ನಿಲ್ಲುವಂಥದ್ದಲ್ಲ. ಎರಡು ಪಾರ್ಟಿಯವರ ಮಾತಿನಲ್ಲೂ ಒಂದಿಷ್ಟು ಸತ್ಯ ಇದೆ. ಮೊದಲು ಆದದ್ದೇನು ನೋಡೋಣ.

2009ರ ಜನವರಿ 7. ಸತ್ಯಂ ಕಂಪ್ಯೂಟರ್ಸ್ ಕಂಪೆನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ಪುಸ್ತಕದಲ್ಲಿ ಇದೆ ಅಂತ ತೋರಿಸಿದ ನಗದಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂದರು. ಬರಬೇಕು ಅಂತ ಬರೆದುಕೊಂಡ 376 ಕೋಟಿ ಬಡ್ಡಿ ಸುಳ್ಳು. 1,230 ಕೋಟಿಯ ಹೊಣೆ ಪುಸ್ತಕದಲ್ಲಿ ಕಾಣಿಸಿಲ್ಲ. ಬಾಕಿದಾರರ ಲೆಕ್ಕದಲ್ಲಿ 490 ಕೋಟಿ ಉಬ್ಬಿಸಿದೆ. ನಾಲ್ಕನ್ನೂ ಕೂಡಿಸಿ ನೋಡಿ: 7,136 ಕೋಟಿ. ಹಿಂದಿನ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 649 ಕೋಟಿ ಲಾಭ ಅಂತ ಸಾರಿದ್ದರು. ನಿಜವಾಗಿ ಬಂದದ್ದು 61 ಕೋಟಿ! ಹುಲಿ ಮೇಲೆ ಸವಾರಿ ಮಾಡಿದ ಹಾಗಾಯಿತು, ಇಳಿದರೆ ತಿನ್ನುತ್ತದೆ ಅಂತ ತಿಳಿದೂ ಇಳಿಯುವುದು ಹೇಗೆ ಗೊತ್ತಾಗಲಿಲ್ಲ ಅಂತ ಅವರೇ ಬರೆದುಕೊಂಡರು. ಹಿಂದಿನ ದಿನ 179 ರೂಪಾಯಿ ಆಸುಪಾಸು ಇದ್ದ ಷೇರು ಅಂದು ಸಂಜೆಗೆ 40ಕ್ಕೆ ಬಂದು ಬಿತ್ತು. ಕೇವಲ ನಾಲ್ಕು ತಿಂಗಳ ಹಿಂದೆ ಇದೇ ಕಂಪೆನಿಗೆ ಒಳ್ಳೆಯ ಆಡಳಿತಕ್ಕೆ ಅಂತ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಸಿಕ್ಕಿತ್ತು!

ಕೇಸು ಸಿ.ಬಿ.ಐ.ಗೆ ಹೋಯಿತು. ಇನ್ನೂರಕ್ಕೂ ಹೆಚ್ಚು ಸಾಕ್ಷಿ, ಮೂರು ಸಾವಿರದಷ್ಟು ದಾಖಲೆ. ಏಳು ಸಾವಿರಕ್ಕೂ ಮೇಲೆ ಖೊಟ್ಟಿ ಬಿಲ್ಲು ಸೃಷ್ಟಿಸಿದ್ದರು ಅನ್ನುವುದು ಆಪಾದನೆ. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಹತ್ತೂ ಆರೋಪಿಗಳನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಏಳು ವರ್ಷ ಜೈಲು ಹಾಕಿತು. ರಾಜು, ಅವರ ತಮ್ಮಂದಿರಿಬ್ಬರು, ಲೆಕ್ಕ ತಪಾಸಣೆ ಮಾಡಿದ ಇಬ್ಬರು ಆಡಿಟರುಗಳು ಎಲ್ಲರೂ ಅದರಲ್ಲಿದ್ದರು. ಮೇ 11ರಂದು ಮೇಲಿನ ಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ರಾಜು ಒಂದು ಲಕ್ಷದ ಬಾಂಡಿನ ಮೇಲೆ ಹೊರಗೆ ಬಂದರು. ಮೂವತ್ತೆರಡೇ ದಿನ!

ಈಗ ಮೊದಲ ಪಾರ್ಟಿಯ ವಾದ ನೋಡೋಣ. ತಾನಾಗಿ ಒಪ್ಪಿಕೊಂಡವರಿಗೆ ದಯೆ ತೋರಿಸಬೇಕಿತ್ತು ಅಂತಾರೆ. ಹಾಗಾದರೆ ಪತ್ರ ಯಾವಾಗ ಬಂತು ಅಂತ ಕೇಳಬೇಕು. 2008ರ ಡಿಸೆಂಬರಿನಲ್ಲಿ ರಾಜು ತಮ್ಮ ಮನೆತನದ ಎರಡು ‘ಮೇಟಾಸ್’ ಕಂಪೆನಿಗಳನ್ನು ಸತ್ಯಂ ದುಡ್ಡಿನಲ್ಲಿ ಕೊಳ್ಳಲು ಹೊರಟರು. ಇಲ್ಲದ ನಗದಿನ ಜಾಗದಲ್ಲಿ ಜಮೀನು ತೋರಿಸುವ ಉಪಾಯ ಅದು. (ಸತ್ಯಂ ಅನ್ನುವ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಮೇಟಾಸ್! ಹೆಸರಿನಲ್ಲೇ ಸತ್ಯ ತಲೆಕೆಳಗು.) ಷೇರುದಾರರು ಗುಲ್ಲೆಬ್ಬಿಸಿದರು, ವ್ಯವಹಾರ ಒಂದೇ ದಿನದಲ್ಲಿ ಮುರಿಯಿತು. ಎಲ್ಲ ಬಾಗಿಲು ಮುಚ್ಚಿದ ಮೇಲೆ ಪತ್ರ ಬಂತು. ಗಲ್ಲಾ ಪೆಟ್ಟಿಗೆಯಲ್ಲಿ ಕೈ ಇಟ್ಟವನು ಮಾಲೀಕ ಲೈಟು ಹಾಕಿದ ಮೇಲೆ ‘ನಾನೇ ಹೇಳಬೇಕಂತಿದ್ದೆ’ ಅಂದರೆ ಯಾವ ಅಂಗಡಿಯವರು ನಂಬುತ್ತಾರೆ?

ಒಂದು ಪೈಸೆ ನುಂಗಿಲ್ಲ ಅನ್ನುವ ಮಾತೂ ಪತ್ರದಲ್ಲಿತ್ತು. ಆದರೆ ಲಾಭ ಉಬ್ಬಿದಾಗ ಷೇರಿನ ಬೆಲೆ ಉಬ್ಬುತ್ತದೆ. ಆ ಬೆಲೆಯಲ್ಲಿ ಮನೆತನದ ಷೇರು ಮಾರಿದ್ದು, ಅಡವಿಟ್ಟು ಸಾಲ ತೆಗೆದದ್ದು ಲಾಭವಲ್ಲವೆ? 2014ರಲ್ಲಿ ಸೆಬಿ ಸಂಸ್ಥೆ ಇದೇ ಪ್ರಶ್ನೆ ಕೇಳಿ, ಬಡ್ಡಿ ಸಮೇತ 1,849 ಕೋಟಿ ಕಟ್ಟಿ, 14 ವರ್ಷ ಷೇರು ಮಾರುಕಟ್ಟೆ ಕಡೆ ತಲೆ ಹಾಕಬೇಡಿ ಅಂತ ಆಜ್ಞೆ ಮಾಡಿತು. ಆ ಮೊತ್ತ ಮೇಲ್ಮನವಿಗಳಲ್ಲಿ ಸುತ್ತಾಡಿ ಆಮೇಲೆ ಇಳಿಯಿತು, ನಿಜ. ಇಳಿದರೂ ಸೊನ್ನೆ ಆಗಲಿಲ್ಲ.

ಇನ್ನು 108ರ ಮಾತು. ಇದು ನಮ್ಮ ಜಿಲ್ಲೆಯ ಜನಕ್ಕೂ ತಟ್ಟುವಂಥದ್ದು. 2005ರಲ್ಲಿ ಹೈದರಾಬಾದಿನಲ್ಲಿ 108 ಆಂಬುಲೆನ್ಸ್ ಆರಂಭಿಸಿದ ಸಂಸ್ಥೆಯನ್ನು ಕಟ್ಟಿದ್ದು ಇದೇ ರಾಜು. 2008ರ ನವೆಂಬರಿನಲ್ಲಿ ಅದು ‘ಆರೋಗ್ಯ ಕವಚ’ ಅಂತ ಕರ್ನಾಟಕಕ್ಕೂ ಬಂತು. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದವರು, ಹೆರಿಗೆ ನೋವಿನವರು ಆ ಗಾಡಿಯಲ್ಲಿ ಉಳಿದಿದ್ದಾರೆ. ಅದನ್ನು ಮರೆಯುವುದು ಕೃತಘ್ನತೆ. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಪುಣ್ಯ ಇಟ್ಟು ಇನ್ನೊಂದರಲ್ಲಿ ಕಳ್ಳ ಲೆಕ್ಕ ತೂಗಲು ಕೋರ್ಟು ದೇವಸ್ಥಾನವಲ್ಲ. ದಾನ ಮಾಡಿದವರಿಗೆ ಧನ್ಯವಾದ ಹೇಳೋಣ. ಖೊಟ್ಟಿ ಬಿಲ್ಲಿಗೆ ಶಿಕ್ಷೆಯೂ ಆಗಲಿ.

ಎರಡನೇ ಪಾರ್ಟಿಗೂ ಒಂದು ಮಾತು. ಒಂದೇ ತಿಂಗಳು ಅನ್ನುವುದು ಅರ್ಧ ಸತ್ಯ. ವಿಚಾರಣೆಗೆ ಮುಂಚೆ, ವಿಚಾರಣೆ ನಡೆವಾಗ ರಾಜು ಎರಡೂವರೆ ವರ್ಷಕ್ಕೂ ಮೇಲೆ ಬಂಧನದಲ್ಲಿದ್ದರು. ಅದರಲ್ಲಿ ಬಹಳ ತಿಂಗಳು ಹೆಪಟೈಟಿಸ್ ಸಿ ಕಾಯಿಲೆ ಅಂತ ನಿಮ್ಸ್ ಆಸ್ಪತ್ರೆಯಲ್ಲಿ ಕಳೆದದ್ದು ಬೇರೆ ಕತೆ. ಮೇಲ್ಮನವಿ ಹಾಕಿದವರ ಶಿಕ್ಷೆ ಅಮಾನತು ಮಾಡುವುದು ಕಾನೂನಿನಲ್ಲೇ ಇದೆ. ಸಿರಿವಂತರಿಗೆ ಅಂತ ಹೊಸದಾಗಿ ಬರೆದದ್ದಲ್ಲ. ಅನ್ಯಾಯ ಇರುವುದು ಬೇರೆ ಕಡೆ. ಇದೇ ಕಾನೂನಿನ ಬಾಗಿಲು ಬಡವರಿಗೆ ತೆರೆಯುವುದಿಲ್ಲ. 2022ರ ಸರ್ಕಾರಿ ಲೆಕ್ಕದ ಪ್ರಕಾರ ಈ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆಯೇ ಮುಗಿಯದವರು. ಅವರಲ್ಲಿ ಎಷ್ಟೋ ಮಂದಿಗೆ ಜಾಮೀನು ಸಿಕ್ಕರೂ ಜಾಮೀನುದಾರ ಸಿಗುವುದಿಲ್ಲ! ರಾಜುಗೆ ಜಾಮೀನು ಯಾಕೆ ಕೊಟ್ಟಿರಿ ಅನ್ನುವುದಕ್ಕಿಂತ ಇವರಿಗೆ ಯಾಕಿಲ್ಲ ಅಂತ ಕೇಳುವುದು ಸರಿಯಾದ ಪ್ರಶ್ನೆ.

ಹಾಗಾದರೆ ತೀರ್ಪು ನ್ಯಾಯವೆ? ನಮ್ಮ ಮಟ್ಟಿಗೆ ಅಪರಾಧಿ ಅಂದದ್ದು ನ್ಯಾಯ. ಏಳು ವರ್ಷ ಅಂದದ್ದೂ ಅತಿಯಲ್ಲ. ಅವರ ಮೇಲೆ ಸಾಬೀತಾದ ಕೆಲವು ಕಲಮುಗಳಲ್ಲಿ ಜೀವಾವಧಿಗೂ ಅವಕಾಶ ಇತ್ತು. ಆದರೆ ಕಂಡಕ್ಟರ್ ಕೇಳಿದ ಚಿಲ್ಲರೆಯ ಲೆಕ್ಕ ಮಾತ್ರ ಹಾಗೇ ಉಳಿಯಿತು.

ಯಾವ ಚಿಲ್ಲರೆ? ಇದನ್ನು ಕೇಳಿ. ಅಮೆರಿಕದ ಮಾರುಕಟ್ಟೆಯಲ್ಲಿ ಸತ್ಯಂ ಷೇರು ಕೊಂಡಿದ್ದವರು ಒಟ್ಟಾಗಿ ಅಲ್ಲಿನ ಕೋರ್ಟಿಗೆ ಹೋದರು. 2011ರಲ್ಲಿ ಕಂಪೆನಿ ಅವರಿಗೆ 12.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಡಿಟ್ ಸಂಸ್ಥೆಯೂ ಬೇರೆಯಾಗಿ ಡಾಲರ್ ಎಣಿಸಿತು. ನಮ್ಮ ದೇಶದಲ್ಲಿ ನೂರು, ಇನ್ನೂರು ಷೇರು ಇಟ್ಟುಕೊಂಡ ಮಾಸ್ತರು, ಗುಮಾಸ್ತ, ನಿವೃತ್ತ ಪೋಸ್ಟ್‌ಮನ್ ಇವರಿಗೆ? ಏನೂ ಇಲ್ಲ. ಹಾಗೆ ಗುಂಪಾಗಿ ದಾವೆ ಹೂಡುವ ಕಾಯ್ದೆಯೇ ಆಗ ಇಲ್ಲಿ ಇರಲಿಲ್ಲ. ಇನ್ನೂ ತಮಾಷೆ ಏನೆಂದರೆ, ಡಾಲರ್ ಹೋದದ್ದು ಕಂಪೆನಿಯ ಬೊಕ್ಕಸದಿಂದ. ಕಂಪೆನಿ ಅಂದರೆ ಯಾರು? ಮತ್ತೆ ಅದೇ ಷೇರುದಾರ! ಮೋಸ ಹೋದವನೇ ಮೋಸ ಹೋದ ಇನ್ನೊಬ್ಬನಿಗೆ ಪರಿಹಾರ ಕಟ್ಟಿದ ಹಾಗಾಯಿತು.

ಒಳ್ಳೆಯದೂ ಆಯಿತು, ಇಲ್ಲ ಅನ್ನುವುದಿಲ್ಲ. ಸರ್ಕಾರ ಕೆಲವೇ ದಿನದಲ್ಲಿ ಮಂಡಳಿ ವಜಾ ಮಾಡಿ ಹೊಸಬರನ್ನು ಕೂರಿಸಿತು. 2009ರ ಏಪ್ರಿಲಿನಲ್ಲಿ ಟೆಕ್ ಮಹೀಂದ್ರ ಷೇರಿಗೆ 58 ರೂಪಾಯಿಯಂತೆ ಕೊಂಡುಕೊಂಡಿತು. ಐವತ್ತು ಸಾವಿರದಷ್ಟು ನೌಕರರ ಕಂಪೆನಿ ಬೀದಿಪಾಲಾಗದೆ ಉಳಿಯಿತು. 2013ರ ಕಂಪೆನಿ ಕಾಯ್ದೆಯಲ್ಲಿ ಷೇರುದಾರರು ಒಟ್ಟಾಗಿ ದಾವೆ ಹೂಡುವ ಹಕ್ಕು ಬಂತು, ಆಡಿಟರುಗಳನ್ನು ಬದಲಿಸುತ್ತಿರಬೇಕು ಅನ್ನುವ ನಿಯಮ ಬಂತು. ಮನೆ ಸುಟ್ಟ ಮೇಲೆ ಬಾವಿ ತೋಡಿದರು. ಇರಲಿ, ಮುಂದಿನ ಬೆಂಕಿಗಾದರೂ ನೀರು ಸಿಕ್ಕೀತು.

ಆದರೆ ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು. ಇವತ್ತು ನಮ್ಮ ಪೇಟೆಯ ಹುಡುಗರು ಅಂಗಡಿ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲೇ ಷೇರು ಕೊಳ್ಳುತ್ತಿದ್ದಾರೆ. ಅವರಲ್ಲಿ ಎಷ್ಟು ಮಂದಿಗೆ ಇಂಥ ಹಕ್ಕು ಇದೆ ಅಂತ ಗೊತ್ತು? ಬೆಲೆ ಏರಿತೋ ಇಳಿಯಿತೋ ಅಂತ ನೋಡುತ್ತಾರೆ, ಆಡಿಟರ್ ಏನು ಬರೆದಿದ್ದಾನೆ ಅಂತ ನೋಡುವುದಿಲ್ಲ. ಸತ್ಯಂ ಬ್ಯಾಂಕಿನಲ್ಲಿ ಸಾವಿರಾರು ಕೋಟಿ ಠೇವಣಿ ಇದೆ ಅಂತ ಕಾಗದ ತೋರಿಸಿತು. ಆಡಿಟರುಗಳು ಬ್ಯಾಂಕಿಗೇ ಹೋಗಿ ಸರಿಯಾಗಿ ವಿಚಾರಿಸಿದ್ದರೆ ಈ ಹುಲಿ ಮರಿಯಾಗಿದ್ದಾಗಲೇ ಸಿಕ್ಕಿಬೀಳುತ್ತಿತ್ತು. ಉದ್ರಿ ಕೊಡುವ ಮೊದಲು ಗಿರಾಕಿಯ ಮನೆ ವಿಳಾಸ ವಿಚಾರಿಸುವ ನಮ್ಮ ಅಂಗಡಿಯವರಿಗೆ ಇರುವ ಬುದ್ಧಿ ದೊಡ್ಡ ದೊಡ್ಡ ಪದವಿ ಇದ್ದವರಿಗೆ ಇರಲಿಲ್ಲ.

ಆದ್ದರಿಂದ ಬಸ್ಸಿನ ಎರಡೂ ಪಾರ್ಟಿಯವರಿಗೆ ನಮ್ಮ ವಿನಂತಿ ಇಷ್ಟೇ. ರಾಜು ಎಷ್ಟು ದಿನ ಒಳಗಿದ್ದರು ಅಂತ ಎಣಿಸುವುದು ಸಾಕು. ಮುಂದೆ ಇಂಥದೊಂದು ಕೇಸಿನಲ್ಲಿ ತೀರ್ಪು ಬಂದಾಗ ಎಷ್ಟು ವರ್ಷ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಕಳೆದುಕೊಂಡವನಿಗೆ ಎಷ್ಟು ವಾಪಸ್ ಬಂತು? ಅದಕ್ಕೆ ಉತ್ತರ ಸಿಗುವವರೆಗೂ ಟಿಕೆಟ್ ಕೊಟ್ಟು ಚಿಲ್ಲರೆ ಕೊಡದ ಕಂಡಕ್ಟರಿಗೂ ನಮ್ಮ ನ್ಯಾಯ ವ್ಯವಸ್ಥೆಗೂ ವ್ಯತ್ಯಾಸ ಇಲ್ಲ. ಕಂಡಕ್ಟರನಾದರೂ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾನೆ.