ಧರ್ಮಗುರುಗಳನ್ನು ಗೂಢಚಾರರಾಗಿ ಬಳಸಬಾರದೆಂಬ ಮಸೂದೆ ಏನಾಯಿತು?

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಎಂದೊಡನೆ ನಮಗೆ ಸಿನಿಮಾದ ಪಿಸ್ತೂಲು, ರಹಸ್ಯ ಕ್ಯಾಮೆರಾಗಳೇ ನೆನಪಿಗೆ ಬರುತ್ತವೆ. ಆದರೆ ಸಂಸತ್ತಿನ ಮಸೂದೆಗಳನ್ನು ಓದುವುದನ್ನೇ ಕೆಲಸವಾಗಿಸಿಕೊಂಡ ಕಚೇರಿಯೊಂದು ಆ ಸಂಸ್ಥೆಯೊಳಗೇ ಇದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 1970ರ ದಶಕದಲ್ಲಿ ಅದನ್ನು 'ಆಫೀಸ್ ಆಫ್ ಲೆಜಿಸ್ಲೇಟಿವ್ ಕೌನ್ಸೆಲ್' ಎಂದು ಕರೆಯುತ್ತಿದ್ದರು. ಯಾವ ಸದಸ್ಯರು ಏನು ಮಂಡಿಸಿದರು, ಅದು ಯಾವ ಸಮಿತಿಯ ಮುಂದಿದೆ, ಸಮಿತಿಯ ಸಿಬ್ಬಂದಿ ಫೋನಿನಲ್ಲಿ ಏನು ಹೇಳಿದರು ಎಂಬುದನ್ನೆಲ್ಲ ಅಲ್ಲಿಯವರು ದಿನಚರಿಯಂತೆ ಬರೆದಿಡುತ್ತಿದ್ದರು. ಆ ದಿನಚರಿಯ ಎಷ್ಟೋ ಪುಟಗಳು ಈಗ ಬಹಿರಂಗವಾಗಿವೆ. 2017ರಿಂದ ಅವುಗಳನ್ನು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಓದಬಹುದು.

ಇದರಲ್ಲಿ ಕಾನೂನುಬಾಹಿರವಾದುದೇನೂ ಇಲ್ಲ. ಅಲ್ಲಿನ ಪದ್ಧತಿಯಂತೆ ಒಂದು ಮಸೂದೆ ಯಾವ ಇಲಾಖೆಗಳಿಗೆ ತಟ್ಟುತ್ತದೆಯೋ ಆ ಇಲಾಖೆಗಳ ಅಭಿಪ್ರಾಯವನ್ನು ಶ್ವೇತಭವನದ ಬಜೆಟ್ ಕಚೇರಿ ಕೇಳಿ ಪಡೆಯುತ್ತದೆ. ಸಿಐಎಗೂ ಆ ಅವಕಾಶವಿದೆ. 1974ರಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆಗೆ ತಿದ್ದುಪಡಿ ಬಂದು, 'ರಹಸ್ಯ' ಎಂದು ಮುದ್ರೆಯೊತ್ತಿದ ಕಡತವನ್ನೂ ನ್ಯಾಯಾಧೀಶರು ತರಿಸಿ ನೋಡಬಹುದು ಎಂದಾದಾಗ ಸಿಐಎ ಅದನ್ನು ವಿರೋಧಿಸಿತು. ಅಧ್ಯಕ್ಷ ಫೋರ್ಡ್ ಅಕ್ಟೋಬರಿನಲ್ಲಿ ಮಸೂದೆಯನ್ನು ತಿರಸ್ಕರಿಸಿದರು. ನವೆಂಬರಿನಲ್ಲಿ ಸಂಸತ್ತು ಆ ತಿರಸ್ಕಾರವನ್ನೇ ತಳ್ಳಿಹಾಕಿ ಕಾಯ್ದೆ ಮಾಡಿತು. ಸಂಸ್ಥೆ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಹತ್ತು ವರ್ಷ ಬೆನ್ನುಹತ್ತಿ, ತನ್ನ ಕಾರ್ಯಾಚರಣೆಯ ಕಡತಗಳನ್ನು ಈ ಕಾಯ್ದೆಯಡಿ ಹುಡುಕುವ ಹೊಣೆಯೇ ತನಗಿಲ್ಲದಂತೆ 1984ರಲ್ಲಿ ಹೊಸ ಕಾಯ್ದೆ ಮಾಡಿಸಿಕೊಂಡಿತು.

ಧರ್ಮಸಭೆಗಳಿಗೆ ನೇರವಾಗಿ ಸಂಬಂಧಿಸಿದ ಪ್ರಕರಣ ಇನ್ನೊಂದಿದೆ. ಸಿಐಎ ಮಿಷನರಿಗಳನ್ನೂ ಧರ್ಮಗುರುಗಳನ್ನೂ ಮಾಹಿತಿಗಾಗಿ ಬಳಸುತ್ತಿದೆ ಎಂಬ ಸುದ್ದಿ 1975ರಲ್ಲಿ ಅಮೆರಿಕದಲ್ಲಿ ಕೋಲಾಹಲ ಎಬ್ಬಿಸಿತು. ಒರೆಗಾನ್‌ನ ಸೆನೆಟರ್ ಮಾರ್ಕ್ ಹ್ಯಾಟ್‌ಫೀಲ್ಡ್, ಇವರು ಬ್ಯಾಪ್ಟಿಸ್ಟ್ ಪಂಗಡದ ಶ್ರದ್ಧಾವಂತ ಕ್ರೈಸ್ತರು, ವಿವರಣೆ ಕೇಳಿದರು. ಆಗಿನ ನಿರ್ದೇಶಕ ವಿಲಿಯಂ ಕೋಲ್ಬಿ ವಿಷಯವನ್ನು ನಿರಾಕರಿಸಲಿಲ್ಲ. ಅನೇಕ ದೇಶಗಳಲ್ಲಿ ಧರ್ಮಗುರುಗಳ ನೆರವು ಉಪಯುಕ್ತವಾಗಿದೆ, ಅದರಿಂದ ಅವರ ಪ್ರಾಮಾಣಿಕತೆಗೆ ಕುಂದಿಲ್ಲ ಎಂಬುದು ಅವರ ಉತ್ತರದ ತಾತ್ಪರ್ಯ. ಇಂತಹ ಸಂಪರ್ಕವನ್ನು ನಿಷೇಧಿಸುವುದು ವಿವೇಕವಲ್ಲವೆಂದು ಶ್ವೇತಭವನವೂ ತಿಳಿಸಿತು. ಡಿಸೆಂಬರಿನಲ್ಲಿ ಹ್ಯಾಟ್‌ಫೀಲ್ಡ್ ನಿಷೇಧದ ಮಸೂದೆಯನ್ನೇ ಮಂಡಿಸಿದರು.

ಆ ಮಸೂದೆ ಮತಕ್ಕೆ ಬಿದ್ದು ಸೋಲಲಿಲ್ಲ. ಅದಕ್ಕೆ ಮುಂಚೆಯೇ, 1976ರ ಫೆಬ್ರವರಿಯಲ್ಲಿ, ಹೊಸ ನಿರ್ದೇಶಕ ಜಾರ್ಜ್ ಬುಷ್ (ಮುಂದೆ ಅಧ್ಯಕ್ಷರಾದ ಹಿರಿಯ ಬುಷ್) ಅವರ ಕಾಲದಲ್ಲಿ ಸಂಸ್ಥೆ ಪ್ರಕಟಣೆ ಹೊರಡಿಸಿತು: ಯಾವ ಅಮೆರಿಕನ್ ಧರ್ಮಗುರು ಅಥವಾ ಮಿಷನರಿಯೊಂದಿಗೂ ತನಗೆ ಗುಪ್ತವಾದ ಸಂಬಳದ ಅಥವಾ ಕರಾರಿನ ಸಂಬಂಧವಿಲ್ಲ, ಮುಂದೆಯೂ ಇರುವುದಿಲ್ಲ. ಕೇಳಿದ್ದು ಸಿಕ್ಕಿತಲ್ಲ ಎಂದು ಬಹುಮಂದಿ ಸಮಾಧಾನಪಟ್ಟರು. ಮಸೂದೆ ಹಾಗೆಯೇ ಉಳಿಯಿತು.

ಗುಪ್ತಚರ ಸಂಸ್ಥೆಗಳ ತನಿಖೆಗೆಂದು ಸೆನೆಟ್ ನೇಮಿಸಿದ್ದ ಸಮಿತಿ ಮಾತ್ರ ಅಷ್ಟಕ್ಕೇ ತೃಪ್ತವಾಗಲಿಲ್ಲ. ಅದನ್ನು 'ಚರ್ಚ್ ಸಮಿತಿ' ಎನ್ನುತ್ತಾರೆ. ನಮ್ಮ ಚರ್ಚಿಗೂ ಅದಕ್ಕೂ ಸಂಬಂಧವಿಲ್ಲ, ಅಧ್ಯಕ್ಷರ ಹೆಸರು ಫ್ರಾಂಕ್ ಚರ್ಚ್! ಒಟ್ಟು 14 ಗುಪ್ತ ಏರ್ಪಾಡುಗಳಲ್ಲಿ 21 ಮಂದಿ ಅಮೆರಿಕನ್ ಧರ್ಮಗುರುಗಳು ಹಾಗೂ ಮಿಷನರಿಗಳನ್ನು ಬಳಸಲಾಗಿತ್ತು, 1975ರ ಆಗಸ್ಟ್‌ನಲ್ಲಿ ಇನ್ನೂ ನಾಲ್ಕು ನಡೆಯುತ್ತಿದ್ದವು ಎಂದು 1976ರ ಏಪ್ರಿಲ್‌ನ ವರದಿ ತಿಳಿಸಿತು. ಸಂಖ್ಯೆ ದೊಡ್ಡದಲ್ಲ, ಒಪ್ಪೋಣ. ಆದರೆ ಪಾಪನಿವೇದನೆ ಕೇಳುವ, ರೋಗಿಯ ಹಾಸಿಗೆಯ ಪಕ್ಕ ಕುಳಿತುಕೊಳ್ಳುವ ಒಬ್ಬ ಗುರುವಿನ ಮೇಲೆ ಇಂತಹ ಸಂಶಯ ಬಿದ್ದರೆ ಅದು ಆ ದೇಶದ ಎಲ್ಲ ಗುರುಗಳ, ಧರ್ಮಭಗಿನಿಯರ ಮೇಲೂ ಬೀಳುತ್ತದೆ. ಸಂಸ್ಥೆಯ ಆ ನಿಯಮವನ್ನು ಕಾನೂನಾಗಿಯೇ ಮಾಡಬೇಕೆಂದು ಸಮಿತಿ ಶಿಫಾರಸು ಮಾಡಿತು. ಅದು ಆಗಲಿಲ್ಲ.

ಪ್ರಕಟಣೆಯ ಪದಗಳನ್ನು ನಾವು ನಿಧಾನವಾಗಿ ಓದಬೇಕು. 'ಅಮೆರಿಕನ್' ಎಂಬ ಪದ ಅಲ್ಲಿದೆ. ಭಾರತದ, ಫಿಲಿಪ್ಪೀನ್ಸಿನ, ಬ್ರೆಜಿಲ್‌ನ ಸ್ಥಳೀಯ ಗುರುಗಳು ಆ ವಾಕ್ಯದೊಳಗೆ ಬರುವುದಿಲ್ಲ. 'ಸಂಬಳದ ಅಥವಾ ಕರಾರಿನ' ಎಂದೂ ಇದೆ. ಹಣವಿಲ್ಲದೆ, ಕಾಗದವಿಲ್ಲದೆ ನಡೆಯುವ ಮಾತುಕತೆ ಅದರ ಹೊರಗೇ ಉಳಿಯಿತು. ಮಸೂದೆಯ ಪದಗಳನ್ನು ಸಂಸತ್ತು ಆರಿಸುತ್ತಿತ್ತು. ಇಲ್ಲಿ ಪದಗಳನ್ನು ಆರಿಸಿದ್ದು ಸಂಸ್ಥೆಯೇ. ತಾನೇ ಬರೆದುಕೊಂಡ ನಿಯಮವನ್ನು ಸಡಿಲಿಸಲು ಯಾರ ಮತವೂ ಬೇಡ.

ಇಪ್ಪತ್ತು ವರ್ಷಗಳ ನಂತರ ಇದು ಸ್ಪಷ್ಟವಾಯಿತು. 1996ರ ಜುಲೈಯಲ್ಲಿ ಪತ್ರಕರ್ತರು ಮತ್ತು ಧರ್ಮಗುರುಗಳ ಬಳಕೆಯ ಬಗ್ಗೆ ಸೆನೆಟ್ ಸಮಿತಿ ವಿಚಾರಣೆ ನಡೆಸಿದಾಗ, ವಿಪರೀತ ಸಂದರ್ಭದಲ್ಲಿ ವಿನಾಯಿತಿ ಕೊಡುವ ಅಧಿಕಾರವನ್ನು ಬಿಟ್ಟುಕೊಡಲು ನಿರ್ದೇಶಕ ಜಾನ್ ಡಾಯ್ಚ್ ಒಪ್ಪಲಿಲ್ಲ. ಅದೇ ವರ್ಷ ಅಮೆರಿಕನ್ ಪತ್ರಕರ್ತರ ಬಳಕೆಯನ್ನು ನಿರ್ಬಂಧಿಸುವ ಕಲಮು ಕಾಯ್ದೆಗೆ ಸೇರಿತು. ಅದರಲ್ಲೂ ಅಧ್ಯಕ್ಷರಿಗೆ, ನಿರ್ದೇಶಕರಿಗೆ ವಿನಾಯಿತಿಯ ಬಾಗಿಲು ತೆರೆದಿಟ್ಟರು. ಧರ್ಮಗುರುಗಳ ಹೆಸರು ಆ ಕಲಮಿನಲ್ಲಿ ಇಲ್ಲ.

ನಮ್ಮ ದೇಶದ ಮಾತು ಬೇರೆ. ಐಬಿ, ರಾ ಸಂಸ್ಥೆಗಳನ್ನು ಸ್ಥಾಪಿಸಿದ್ದು ಸಂಸತ್ತಿನ ಕಾಯ್ದೆಯಲ್ಲ. ಅವುಗಳನ್ನು ಕಾನೂನಿನ ಚೌಕಟ್ಟಿಗೆ ತರಲು ಸಂಸದ ಮನೀಶ್ ತಿವಾರಿ 2011ರಲ್ಲಿ ಖಾಸಗಿ ಮಸೂದೆ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಮು ಈ ಸಂಸ್ಥೆಗಳನ್ನು ಹೊರಗಿಟ್ಟಿದೆ. ಆ ಪಟ್ಟಿಗೆ ಹೊಸ ಹೆಸರು ಸೇರಿಸಲು ಮಸೂದೆಯೂ ಬೇಕಿಲ್ಲ, ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಸಾಕು. 2011ರಲ್ಲಿ ಸಿಬಿಐ ಪಟ್ಟಿಗೆ ಸೇರಿದ್ದು ಹಾಗೆಯೇ. ಭ್ರಷ್ಟಾಚಾರ ಹಾಗೂ ಮಾನವ ಹಕ್ಕು ಉಲ್ಲಂಘನೆಯ ಆರೋಪಗಳ ಬಗ್ಗೆ ಮಾತ್ರ ಈ ಸಂಸ್ಥೆಗಳಿಂದಲೂ ಮಾಹಿತಿ ಕೇಳಬಹುದು.